ಹಳಿ ಬಳಸಿ ಹೋದ ಜಾಗ

ಸೊಹಾರ್ ಬಂದರಿನಿಂದ ಹೊರಟು ಬೆಟ್ಟಗಳ ನಡುವಿನ ಕಣಿವೆ ಹಿಡಿದು ಗಡಿಯಾಚೆಗೆ ಹೋಗುವ ರೈಲುಮಾರ್ಗವನ್ನು ನಾನು ಏಳು ಸಲ ಕಂಡಿದ್ದೇನೆ, ಏಳೂ ಸಲ ನಕ್ಷೆಯಲ್ಲೇ. ಮೊದಲನೆಯದು ನೀಲಿ ಗೆರೆ, ಏಳನೆಯದು ಕೆಂಪು. ನಡುವೆ ಯೋಜನೆ ನಿಂತು ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿತ್ತು. ಮತ್ತೆ ಎದ್ದಾಗ ಮಸ್ಕತ್ತಿನ ನಮ್ಮ ಆಫೀಸಿಗೆ ಒಂದು ಕೆಲಸ ಬಂತು. ಈ ಏಳು ಗೆರೆಗಳ ಚರಿತ್ರೆಯನ್ನು ಒಂದು ಕಡತ ಮಾಡಿಕೊಡಬೇಕು. ಗೆರೆ ಎಲ್ಲಿ ಸರಿಯಿತು, ಯಾಕೆ ಸರಿಯಿತು, ಯಾವ ದಾಖಲೆಯ ಬಲದ ಮೇಲೆ ಸರಿಯಿತು. ಪ್ರತಿ ತಿರುವಿಗೂ ಒಂದು ಸಾಲು, ಸಾಲಿನ ತುದಿಯಲ್ಲಿ ಎರಡು ಅಂಕಣ: ಕಾರಣ, ಆಧಾರ.

ನಕ್ಷೆ ಮಾಡುವವಳು ನಾನು. ಮೊದಲ ಗೆರೆಯ ಕಾಲದಿಂದ ಆಫೀಸಿನಲ್ಲಿ ಉಳಿದವಳೂ ನಾನೊಬ್ಬಳೇ. "ನಿಮಗೆ ಎಲ್ಲಾ ನೆನಪುಂಟಲ್ಲ ಮೇಡಂ, ನೀವೇ ಮಾಡಿ" ಎಂದು ನಮ್ಮ ವಿಭಾಗದ ಮುಖ್ಯಸ್ಥರು ಕೆಲಸ ಒಪ್ಪಿಸಿದರು. ಅವರು ಬಂಟ್ವಾಳದ ಕಡೆಯವರು, ನಾನು ಮೈಸೂರಿನವಳು. ನೆನಪಿದೆ ಎಂದೇ ನಾನೂ ಅಂದುಕೊಂಡಿದ್ದೆ. ಈಗ ಇದನ್ನು ಬರೆಯುವಾಗ ಪಕ್ಕದಲ್ಲಿ ಆ ದಿನಗಳ ಡೈರಿ ತೆರೆದಿಟ್ಟುಕೊಂಡಿದ್ದೇನೆ. ಡೈರಿಯಲ್ಲಿ ಇಲ್ಲದ್ದನ್ನು ಹೇಳುವಾಗ ಇಲ್ಲ ಎಂದು ಹೇಳುತ್ತೇನೆ.

ಭಾನುವಾರ ಇಲ್ಲಿ ವಾರದ ಮೊದಲ ದಿನ. ಬೆಳಗಿನ ಮೀಟಿಂಗಿನಲ್ಲಿ ಹೊಸ ವಿನ್ಯಾಸಕಾರರ ಪತ್ರವನ್ನು ಮುಖ್ಯಸ್ಥರು ಓದಿದರು. ಕಣಿವೆಯ ಒಂದು ಕಡೆ, ಪೂರ್ವದಿಂದ ಪಶ್ಚಿಮಕ್ಕೆ ನೇರ ಹೋಗುತ್ತಿದ್ದ ಗೆರೆ ಮೂರನೆಯ ನಕ್ಷೆಯಿಂದ ಮುಂದಕ್ಕೆ ಉತ್ತರಕ್ಕೆ ಬಾಗಿ, ಒಂದೂವರೆ ಕಿಲೋಮೀಟರು ಬಳಸಿ, ಮತ್ತೆ ಹಳೆಯ ದಾರಿಗೆ ಸೇರುತ್ತದೆ. ಈ ಬಾಗು ಯಾಕೆ? ಬಾಗಿದರೆ ಬೆಟ್ಟದ ಬುಡವನ್ನು ಕಡಿಯಬೇಕು, ಗಾಡಿಯ ವೇಗ ಇಳಿಸಬೇಕು. ದಾಖಲೆಯಲ್ಲಿ 'ಸ್ಥಳೀಯ ಕಾರಣ' ಎಂದಷ್ಟೇ ಇದೆ. ಗುರುವಾರದೊಳಗೆ ಕಾರಣ ಸಿಗದಿದ್ದರೆ ಗೆರೆಯನ್ನು ನೇರ ಮಾಡುತ್ತಾರೆ. ಮುಂದಿನ ವಾರ ನೇರ ಗೆರೆಯ ಮೇಲೆ ನೆಲ ಕೆರೆದು ಸಮ ಮಾಡುವ ಗ್ರೇಡರ್ ಓಡಿಸಿ ದಾರಿ ಮಾಡಿ, ಮಣ್ಣು ಪರೀಕ್ಷೆಯ ಗುಂಡಿ ತೋಡುತ್ತಾರೆ.

"ಅಲ್ಲಿ ಗೋರಿಗಳಿವೆ ಸಾರ್," ಎಂದೆ ಆ ಕ್ಷಣಕ್ಕೇ. "ನಾನೇ ಹೋಗಿದ್ದೆ. ಒಬ್ಬ ಮುದುಕರು ಕಾಫಿ ಕೊಟ್ಟಿದ್ರು. ಗಂಡಸಿಗೆ ಎರಡು ಕಲ್ಲು, ಹೆಂಗಸಿಗೆ ಮೂರು. ಹೆಸರೇನೂ ಬರೆದಿರಲ್ಲ."

"ಒಳ್ಳೇದಾಯ್ತಲ್ಲ. ನಕ್ಷೆಯಲ್ಲಿ ತೋರಿಸಿ, ಮುಗೀತು."

ನಕ್ಷೆಯಲ್ಲಿ ತೋರಿಸಲು ಹೋದಾಗ ಕೈ ನಿಂತಿತು. ಸ್ಮಶಾನದ ಬಿಂದುಗಳು ಇದ್ದವು, ಹನ್ನೊಂದು ವರ್ಷದ ಹಿಂದೆ ನಾನೇ ಸೇರಿಸಿದ್ದು. ಆದರೆ ಅವು ನೇರ ಗೆರೆಯ ಮೇಲಿರಲಿಲ್ಲ. ದಕ್ಷಿಣಕ್ಕೆ ಇನ್ನೂರು ಮೀಟರಿಗೂ ಮಿಕ್ಕಿ ದೂರದಲ್ಲಿದ್ದವು. ನಕ್ಷೆಯ ಪ್ರಕಾರ ನೇರ ಗೆರೆ ಯಾರನ್ನೂ ಮುಟ್ಟುವುದಿಲ್ಲ. ಬಾಗಿಗೆ ಕಾರಣವೇ ಇಲ್ಲ.

ಮರುದಿನ ಮುಖ್ಯಸ್ಥರೇ ಗಾಡಿ ಓಡಿಸಿಕೊಂಡು ನನ್ನನ್ನು ಕರೆದೊಯ್ದರು. ಆ ಜಾಗಕ್ಕೆ ಹೋಗಲು ಗುತ್ತಿಗೆದಾರರ ಪರವಾನಗಿ ಬೇಕು, ಸೋಮವಾರ ಒಂದು ದಿನಕ್ಕೆ ಸಿಕ್ಕಿತ್ತು. ಟಾರು ರಸ್ತೆ ಬಿಟ್ಟು ವಾದಿಗೆ, ಎಂದರೆ ಒಣಗಿದ ಹೊಳೆಯ ಪಾತ್ರಕ್ಕೆ, ಇಳಿದ ಮೇಲೆ ಕಲ್ಲು ಬಿಟ್ಟರೆ ಬೇರೇನೂ ಇಲ್ಲ. ಬೂದು ಕಲ್ಲು, ಕಂದು ಕಲ್ಲು, ಮುಷ್ಟಿಯಷ್ಟು, ತಲೆಯಷ್ಟು. ಅಲ್ಲಲ್ಲಿ ಮುಳ್ಳಿನ ಸಮುರ್ ಮರ. ಹತ್ತಿರದ ಹಳ್ಳಿಯವರೆಲ್ಲ ಹೊಸ ಮನೆಗಳಿಗೆ ಹೋಗಿ ವರ್ಷಗಳಾಗಿದ್ದವು; ಕೇಳಲು ಜನರಿಲ್ಲ. ಬಿಂದುಗಳು ತೋರಿಸಿದ ಕಡೆ ನಾವಿಬ್ಬರೂ ಒಂದೂವರೆ ಗಂಟೆ ನಡೆದೆವು. ಎರಡು ಕಲ್ಲು ಜೊತೆಯಾಗಿ ನಿಂತದ್ದು ಕಂಡರೆ ಓಡಿ ಹೋಗುತ್ತಿದ್ದೆ. ಹತ್ತಿರ ಹೋದರೆ ನೀರು ತಂದು ನಿಲ್ಲಿಸಿದ ಕಲ್ಲು.

"ಇಲ್ಲಿ ಎಂತದೂ ಇಲ್ಲ ಮಾರಾಯ್ತಿ," ಎಂದರು ಮುಖ್ಯಸ್ಥರು, ಕರವಸ್ತ್ರ ತಲೆಗೆ ಕಟ್ಟಿಕೊಂಡು. "ನೀವು ಬಂದದ್ದು ಇಲ್ಲಿಗೇ ಹೌದಾ?"

"ಇಲ್ಲೇ ಸಾರ್. ಒಂದು ಗೋಡೆ ಇತ್ತು. ಮುದುಕರು ಅದರ ಮೇಲೆ ಕೂತಿದ್ರು."

"ಗೋಡೆ ಎಲ್ಲುಂಟು?"

ಗೋಡೆ ಇರಲಿಲ್ಲ. ನೇರ ಗೆರೆಯ ಮೇಲೂ ನಡೆದು ನೋಡಬಹುದಿತ್ತು. ಬಿಸಿಲಿಗೆ ನನ್ನ ಮೊಬೈಲು ಸತ್ತು, ಮುಖ್ಯಸ್ಥರು ಗಾಡಿಯ ಎಸಿ ಹಾಕಿ ಕೂತು, ನಾನು 'ನಾಳೆ ನೋಡೋಣ' ಎಂದುಕೊಂಡೆ. ನಾಳೆಗೆ ಪರವಾನಗಿ ಇರಲಿಲ್ಲ ಎಂಬುದು ವಾಪಸು ಬರುವಾಗ ನೆನಪಾಯಿತು.

ಮಂಗಳವಾರ ಆಫೀಸಿಗೆ ಹೋಗುವ ಮೊದಲು ಅಲ್ ಹೈಲ್‌ನ ನನ್ನ ಮನೆಯಲ್ಲಿ ಹಳೆಯ ಡೈರಿಗಳ ಪೆಟ್ಟಿಗೆ ತೆಗೆದೆ. ಆ ವರ್ಷದ, ಆ ತಿಂಗಳ ಪುಟ ಸಿಕ್ಕಿತು. ನನ್ನದೇ ಅಕ್ಷರ: 'ಜ್ವರ ಇಳಿದಿಲ್ಲ. ಇವತ್ತೂ ಸೈಟಿಗೆ ಹೋಗಲಿಲ್ಲ. ಅಣ್ಣ ಒಬ್ಬರೇ ಹೋದರು.' ಮರುದಿನದ ಪುಟ: 'ಅಣ್ಣ ಗೋರಿಗಳ ಕಥೆ ಹೇಳಿದರು. ಎರಡು ಕಲ್ಲು, ಮೂರು ಕಲ್ಲು. ಕೇಳಿ ಮೈ ಜುಂ ಎಂದಿತು.'

ಪುಟವನ್ನು ಮೂರು ಸಲ ಓದಿದೆ. ಕಾಫಿಯ ರುಚಿ ನನ್ನ ನಾಲಿಗೆಯಲ್ಲಿತ್ತು. ಮುದುಕರ ಕೈಯ ನರಗಳು ನನಗೆ ಕಾಣುತ್ತಿದ್ದವು. ಕೇಳಿದ ಕಥೆಯೊಳಗೆ ಹೋಗಿ ನಾನು ಕೂತುಬಿಟ್ಟಿದ್ದೆ, ಹನ್ನೊಂದು ವರ್ಷ ಅಲ್ಲೇ ಕೂತಿದ್ದೆ. ಮೀಟಿಂಗಿನಲ್ಲಿ ಎಲ್ಲರೆದುರು 'ನಾನೇ ಹೋಗಿದ್ದೆ' ಎಂದಾಗಲೂ ಸುಳ್ಳು ಹೇಳುತ್ತಿದ್ದೇನೆ ಎಂಬ ಸಣ್ಣ ಅನುಮಾನವೂ ಬಂದಿರಲಿಲ್ಲ. ಇನ್ನು ಗೋರಿಗಳೇ ಇದ್ದವೋ ಇಲ್ಲವೋ ಯಾರು ಹೇಳಬೇಕು?

ಅಣ್ಣ ಎಂದರೆ ನಮ್ಮ ಆಗಿನ ಸರ್ವೇಯರ್. ಕಾಸರಗೋಡಿನವರು. ಆಫೀಸಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಮರುಭೂಮಿಯಲ್ಲೂ ಕಪ್ಪು ಛತ್ರಿ ಹಿಡಿದೇ ನಡೆಯುತ್ತಿದ್ದ ಮನುಷ್ಯ. ನಿವೃತ್ತರಾಗಿ ಊರಿಗೆ ಹೋಗಿದ್ದರು. ಬೆಳಗಿನ ಹನ್ನೊಂದಕ್ಕೆ ಫೋನು ಹಚ್ಚಿದೆ.

"ಅಣ್ಣ, ಆ ಗೋರಿಗಳ ಜಾಗಕ್ಕೆ ನಾನು ಬಂದಿದ್ನಾ?"

"ನೀವು ಎಲ್ಲಿ ಬಂದದ್ದು ಮೇಡಂ? ನಿಮಗೆ ಜ್ವರ ಅಲ್ವಾ. ಮರುದಿವಸ ಕ್ಯಾಂಟೀನಿನಲ್ಲಿ ನಾನು ಹೇಳಿದ್ದು."

"ಗೋರಿಗಳು ಇದ್ದದ್ದು ನಿಜ ತಾನೆ?"

"ಇಲ್ಲದೆ ಎಂತ? ಮೂವತ್ತಕ್ಕೆ ಕಡಿಮೆ ಇಲ್ಲ. ಒಬ್ರು ಅಜ್ಜ ನನ್ನ ಟ್ರೈಪಾಡ್ ಊರ್ಲಿಕ್ಕೇ ಬಿಡ್ಲಿಲ್ಲ. ಕಾಫಿ ಕೊಟ್ರು, ಜಾಗ ಕೊಡ್ಲಿಲ್ಲ. ಮತ್ತೆ ನಾವೇ ಉತ್ತರಕ್ಕೆ ಹೋಗಿ ಗೂಟ ನೆಟ್ಟದ್ದು."

"ನಿಮ್ಮ ಫೀಲ್ಡ್ ಬುಕ್ಕಿನ ಅಂಕೆ ಹಿಡ್ಕೊಂಡು ಹೋದ್ರೆ ಅಲ್ಲೇನೂ ಇಲ್ಲ ಅಣ್ಣ."

"ಅಂಕೆಯನ್ನು ಯಾವ ಡೇಟಮ್ಮಿನಲ್ಲಿ ಹಾಕಿದ್ರಿ ನೀವು?"

"ಹೊಸದ್ರಲ್ಲಿ."

ಅಣ್ಣ ಮೆಲ್ಲಗೆ ಕೇಳಿದರು, "ಮೊದಲ ಪುಟ ನೋಡ್ಲಿಲ್ವಾ ನೀವು?"

ಡೇಟಮ್ ಎಂದರೆ ಅಕ್ಷಾಂಶ ರೇಖಾಂಶಗಳನ್ನು ಎಣಿಸಲು ಹಿಡಿಯುವ ತಳಹದಿ. ಈ ದೇಶದ ಹಳೆಯ ಕಾಗದದ ನಕ್ಷೆಗಳದು ಒಂದು, ಈಗಿನ ಉಪಗ್ರಹಗಳದು ಇನ್ನೊಂದು. ಅಂಕೆ ಅದೇ ಇದ್ದರೂ ತಳಹದಿ ಬದಲಾದರೆ ಜಾಗ ಇನ್ನೂರು ಮೀಟರಿನಷ್ಟು ಆಚೀಚೆ ಆಗುತ್ತದೆ. ಅಣ್ಣ ಹಳೆಯ ಕಾಗದ ಹಿಡಿದು ನಡೆಯುವವರಾದ್ದರಿಂದ ತಮ್ಮ ಜಿಪಿಎಸ್ಸನ್ನೂ ಹಳೆಯದಕ್ಕೇ ಹೊಂದಿಸಿಟ್ಟಿದ್ದರು. ಅದನ್ನು ಪ್ರತಿ ಫೀಲ್ಡ್ ಬುಕ್ಕಿನ, ಎಂದರೆ ಸ್ಥಳದಲ್ಲೇ ಅಳತೆ ಬರೆದುಕೊಳ್ಳುವ ಪುಸ್ತಕದ, ಮೊದಲ ಪುಟದಲ್ಲಿ ಬರೆಯುತ್ತಿದ್ದರು. ಮೇಲೆ ದೊಡ್ಡದಾಗಿ 'ಶ್ರೀ', ಪಕ್ಕದಲ್ಲಿ ಕುಂಕುಮದ ಬೊಟ್ಟು, ಅದರಡಿಯಲ್ಲಿ ಉಪಕರಣದ ಹೆಸರು, ಡೇಟಮ್ಮು, ಆಮೇಲೆ ಪುಟ ತಿರುಗಿಸಿದರೆ ಅಂಕೆಗಳು.

ಕಂಪ್ಯೂಟರಿನಲ್ಲಿರುವ ಸ್ಕ್ಯಾನ್ ತೆರೆದೆ. ಅದು ಎರಡನೆಯ ಪುಟದಿಂದ ಶುರುವಾಗುತ್ತದೆ. ಸ್ಕ್ಯಾನ್ ಮಾಡಿದವಳು ನಾನು. ಮೊದಲ ಪುಟ ಬಿಟ್ಟದ್ದರ ಬಗ್ಗೆ ಡೈರಿಯಲ್ಲಿ ಒಂದಕ್ಷರವೂ ಇಲ್ಲ, ಆದರೆ ಯಾಕೆ ಬಿಟ್ಟೆ ಎಂದು ನನಗೆ ಗೊತ್ತು. ಇದು ನೆನಪಲ್ಲ, ನನ್ನ ಸ್ವಭಾವದ ಲೆಕ್ಕ. ಇಲ್ಲಿನ ಸರ್ಕಾರಕ್ಕೆ ಹೋಗುವ ತಾಂತ್ರಿಕ ದಾಖಲೆಯಲ್ಲಿ ಕುಂಕುಮ ಹಚ್ಚಿದ ಶ್ರೀಕಾರ ಯಾಕೆ ಎಂದು ಓದಿದವಳಾದ ನನಗೆ ಅನ್ನಿಸಿರಬೇಕು. ಪೂಜೆಯ ಪುಟ, ಅಂಕೆ ಇಲ್ಲ, ಬಿಡು. ಕೆಳಗಿನ ಮೂರು ಸಾಲನ್ನು ಕಣ್ಣು ಹಾಯಿಸಿಯೂ ಓದಿರಲಿಕ್ಕಿಲ್ಲ. ಮಾರ್ಗ ಸರಿಯಾಗಿ ಬಾಗಿತ್ತು, ಯಾಕೆಂದರೆ ಅದು ನೆಲದ ಮೇಲೆ ನೆಟ್ಟ ಗೂಟಗಳನ್ನು ಹಿಡಿದು ಬಾಗಿದ್ದು. ಬಾಗಿಗೆ ಕಾರಣವಾದ ಗೋರಿಗಳನ್ನು ಮಾತ್ರ ನಾನು ಆಮೇಲೆ ಪುಸ್ತಕದಿಂದ ತೆಗೆದು ಬೇರೆಲ್ಲೋ ಇಟ್ಟೆ.

ಮೂಲ ಪುಸ್ತಕ ಸಿಕ್ಕರೆ ಸಾಕ್ಷಿ ಸಿಗುತ್ತದೆ. ಬುಧವಾರ ಅಲ್ ಅಮೇರಾತ್‌ನಲ್ಲಿರುವ ನಮ್ಮ ಗೋದಾಮಿಗೆ ಹೋದೆ. ಒಂದು ಮಳೆಗೆ ಅಲ್ಲಿ ನೀರು ನುಗ್ಗಿತ್ತು ಎಂದು ಕಾವಲಿನವ ಮೊದಲೇ ಹೇಳಿದ. ಕೆಳಗಿನ ಸಾಲಿನ ಪೆಟ್ಟಿಗೆಗಳು ಒಣಗಿ ಹಪ್ಪಳವಾಗಿದ್ದವು. ನಲವತ್ತಕ್ಕೂ ಹೆಚ್ಚು ಪೆಟ್ಟಿಗೆ ತೆಗೆದು ಹಾಕಿದ ಮೇಲೆ ಆ ಪುಸ್ತಕ ಸಿಕ್ಕಿತು. ಒಳಗಿನ ಪುಟಗಳೆಲ್ಲ ಪೆನ್ಸಿಲ್ಲಿನ ಬರಹ, ಒಂದಂಕೆಯೂ ಅಳಿಸಿರಲಿಲ್ಲ. ಮೊದಲ ಪುಟವನ್ನು ಮಾತ್ರ ಅಣ್ಣ ಶಾಯಿಯಲ್ಲಿ ಬರೆಯುತ್ತಿದ್ದರು, ಶುಭಾರಂಭ ಎಂದು. 'ಶ್ರೀ' ಮೇಲೆ ಮೇಲೆ ತಿದ್ದಿದ್ದರಿಂದ ಉಳಿದಿತ್ತು. ಅದರಡಿಯ ಮೂರು ಸಾಲು ನೀರು ಕುಡಿದು ಬರೀ ನೀಲಿ ಕಲೆ. ಬೆಳಕಿಗೆ ಹಿಡಿದೆ, ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಒಂದಕ್ಷರ ಬರಲಿಲ್ಲ. ಪೆಟ್ಟಿಗೆಗಳ ನಡುವೆ ಕೂತುಬಿಟ್ಟೆ.

ಆಫೀಸಿಗೆ ಬಂದು ಆ ಪುಸ್ತಕದ ಬಿಂದುಗಳನ್ನೆಲ್ಲ ಹಳೆಯ ಡೇಟಮ್ಮಿನವು ಎಂದು ಹಿಡಿದು ಹೊಸದಕ್ಕೆ ಪರಿವರ್ತಿಸಿದೆ. ಒಟ್ಟು ಮೂವತ್ತೆಂಟು, ಅದರಲ್ಲಿ ಎಂಟು ಸ್ಮಶಾನದವು. ಗೋರಿಗಳು ಎದ್ದು ಬಂದು ಬಾಗಿನ ಹೊಟ್ಟೆಯೊಳಗೆ, ನೇರ ಗೆರೆಯ ಮೇಲೇ ಕೂತವು. 'ಹಳೇ ಬಾವಿ' ಎಂದು ಬರೆದಿದ್ದ ಒಂದು ಬಿಂದು ಉಪಗ್ರಹ ಚಿತ್ರದ ಒಂದು ಕಪ್ಪು ಚುಕ್ಕೆಯ ಮೇಲೆ ಸರಿಯಾಗಿ ಬಿತ್ತು. ಕಲ್ಲುಗಳು ಆ ಚಿತ್ರದಲ್ಲಿ ಕಾಣುವಷ್ಟು ದೊಡ್ಡವಲ್ಲ.

ಗುರುವಾರ ಬೆಳಗ್ಗೆ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ. ಅವರು ಪರದೆಯನ್ನೇ ನೋಡುತ್ತ ಕೂತರು.

"ಒಂದು ಬಾವಿ ಕೂತದ್ದಕ್ಕೆ ಇಷ್ಟು ಹೇಳ್ತೀರಾ? ಈ ಕಣಿವೆಯಲ್ಲಿ ಬಾವಿ ಎಷ್ಟುಂಟು."

"ಅಣ್ಣನೇ ಹೇಳಿದ್ರು ಸಾರ್."

"ಅವರಿಗೆ ಎಪ್ಪತ್ತಾಯ್ತು. ನೀವೇ ಭಾನುವಾರ ಹೋಗಿದ್ದೆ ಅಂದ್ರಿ, ಇವತ್ತು ಹೋಗಿರ್ಲಿಲ್ಲ ಅಂತೀರಿ. ಯಾರ ನೆನಪನ್ನು ನಂಬುದು ನಾನು?" ಅವರು ದನಿ ತಗ್ಗಿಸಿದರು. "ಒಂದು ಕೆಲಸ ಮಾಡಿ. ಸ್ಮಶಾನದ ಬಿಂದು ಮಾತ್ರ ಸರಿಸಿ, 'ಪರಿಷ್ಕರಿಸಿದೆ' ಅಂತ ಬರೀರಿ. ಉಳಿದ ಮೂವತ್ತರ ಸುದ್ದಿಗೆ ಹೋಗ್ಬೇಡಿ. ನಾಲ್ಕು ನಕ್ಷೆ ಆ ಬಿಂದುಗಳ ಮೇಲೆ ನಿಂತದ್ದು. ಎಲ್ಲಾ ತಪ್ಪು ಅಂತ ನಾವೇ ಹೇಳಿದ್ರೆ ನಾಳೆಯಿಂದ ನಮ್ಮ ಮಾತು ಯಾರು ಕೇಳ್ತಾರೆ?"

"ಕಾರಣ ಹೇಳದೆ ಅವನ್ನಷ್ಟೇ ಸರಿಸಿದ್ರೆ, ಅವರು ಯಾಕೆ ನಂಬಬೇಕು ಸಾರ್?"

ಸೀಟಿಗೆ ಬಂದು ವಿನ್ಯಾಸಕಾರರಿಗೆ ಪತ್ರ ಬರೆದೆ. ಸ್ಕ್ಯಾನಿನಿಂದ ಮೊದಲ ಪುಟವನ್ನು ಬಿಟ್ಟವಳು ನಾನು, ಮೂವತ್ತೆಂಟು ಬಿಂದುಗಳನ್ನೂ ತಪ್ಪು ಡೇಟಮ್ಮಿನಲ್ಲಿ ಸೇರಿಸಿದವಳು ನಾನು, ನೇರ ಗೆರೆಯ ಮೇಲೆ ಗೋರಿಗಳಿರುವ ಸಾಧ್ಯತೆ ಬಲವಾಗಿದೆ, ನೆಲ ನೋಡುವವರೆಗೆ ಗ್ರೇಡರ್ ನಿಲ್ಲಿಸಿ. ನನ್ನ ಹೆಸರು ಹಾಕಿದೆ.

ಡೈರಿಯಲ್ಲಿ ಸಮಯ ಬರೆದಿಟ್ಟಿದ್ದೇನೆ. ಪತ್ರ ಮುಗಿದದ್ದು ಹನ್ನೊಂದು ಹತ್ತಕ್ಕೆ. ಕಳಿಸಿದ್ದು ನಾಲ್ಕು ಇಪ್ಪತ್ತೈದಕ್ಕೆ.

ನಡುವಿನ ಐದು ಗಂಟೆ ಏನು ಮಾಡಿದೆ ಎಂದು ಎಷ್ಟು ಸಲ ಕೇಳಿಕೊಂಡರೂ ಗೌರವದ ಉತ್ತರ ಸಿಗುವುದಿಲ್ಲ. ಮಗಳು ಹತ್ತನೇ ಕ್ಲಾಸು, ಕೆಲಸ ಹೋದರೆ ವೀಸಾ ಹೋಗುತ್ತದೆ, ನಡುವರ್ಷದಲ್ಲಿ ಅವಳ ಶಾಲೆ ಏನಾಗುತ್ತದೆ ಎಂದು ಯೋಚಿಸಿದೆ. ಒಂದು ವಾಕ್ಯದಲ್ಲಿ 'ನಾನು' ತೆಗೆದು 'ನಮ್ಮ ಕಚೇರಿ' ಎಂದು ಹಾಕಿದೆ, ಮತ್ತೆ 'ನಾನು' ಎಂದು ತಿದ್ದಿದೆ. ಊಟಕ್ಕೆ ಹೋಗಿ ಬಂದೆ. ಮುಖ್ಯಸ್ಥರು ಒಮ್ಮೆ ಹಿಂದೆ ಬಂದು ನಿಂತು ಓದಿ, "ಕಳಿಸಿದ ಮೇಲೆ ವಾಪಸ್ ತೆಗೀಲಿಕ್ಕೆ ಆಗುದಿಲ್ಲ, ಗೊತ್ತುಂಟಲ್ಲ?" ಎಂದಷ್ಟೇ ಹೇಳಿ ಹೋದರು. ಬೇಡ ಎನ್ನಲಿಲ್ಲ. ನಾನು ಕಳಿಸುವ ಹೊತ್ತಿಗೆ ಆಚೆಯ ಆಫೀಸು ವಾರದ ಕೆಲಸ ಮುಗಿಸಿ ಮನೆಗೆ ಹೋಗಿತ್ತು.

ಶುಕ್ರವಾರ, ಶನಿವಾರ ಉತ್ತರವಿಲ್ಲ. ಫೋನು ಹಚ್ಚಿದರೆ ಆಚೆ ಯಾರೂ ಎತ್ತಲಿಲ್ಲ. ಗುತ್ತಿಗೆದಾರರು ಶನಿವಾರವೂ ಕೆಲಸ ಮಾಡುತ್ತಾರೆ ಎಂಬುದು ನನಗೆ ಗೊತ್ತಾದದ್ದು ಭಾನುವಾರ ಬೆಳಗ್ಗೆ, ಮುಖ್ಯಸ್ಥರ ಗಾಡಿಯಲ್ಲಿ ಕೂತ ಮೇಲೆ. ಅವರಿಗೆ ಆಗ ತಾನೆ ಫೋನು ಬಂದಿತ್ತು. "ಗ್ರೇಡರ್ ನಿನ್ನೆಯೇ ಇಳಿಸಿದ್ದಾರಂತೆ," ಎಂದರು.

ದೂರದಿಂದಲೇ ಹಳದಿ ಯಂತ್ರ ಕಂಡಿತು, ನಿಂತಿತ್ತು. ಅದರ ಹಿಂದೆ ಕಲ್ಲೇ ಇಲ್ಲದ ನುಣ್ಣನೆಯ ಪಟ್ಟಿ, ನಾಲ್ಕು ಮೀಟರ್ ಅಗಲ. ಪಟ್ಟಿಯ ಪಕ್ಕಕ್ಕೆ ಬ್ಲೇಡು ತಳ್ಳಿದ ಕಲ್ಲಿನ ಉದ್ದ ರಾಶಿ. ಯಂತ್ರದ ಮುಂದೆ ಒಂದು ಪಿಕಪ್ ಅಡ್ಡ ನಿಲ್ಲಿಸಿ, ಅದರ ನೆರಳಿನಲ್ಲಿ ಒಬ್ಬ ಮುದುಕರು ಕೂತಿದ್ದರು. ಯಂತ್ರ ನಿಂತದ್ದು ನನ್ನ ಪತ್ರದಿಂದಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಆ ಮುದುಕರು ಧೂಳು ಎದ್ದದ್ದು ಕಂಡು ಗಾಡಿ ತಿರುಗಿಸಿದ್ದರು.

ಗ್ರೇಡರ್ ಓಡಿಸುವವನು ಪೇಶಾವರದ ಕಡೆಯವನು. ಮುಖ್ಯಸ್ಥರು ಹಿಂದಿಯಲ್ಲಿ ಅವನ ಮೇಲೆ ದನಿ ಎತ್ತಿದರು. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಸಾಬ್, ನನಗೆ ಕಲ್ಲು ತಳ್ಳು ಅಂದ್ರು, ತಳ್ಳಿದೆ. ಇಲ್ಲಿ ಎಲ್ಲಾ ಕಲ್ಲೇ. ಇದು ಕಬರಸ್ತಾನ್ ಅಂತ ಕಾಗದದಲ್ಲಿ ಬರೆದಿದ್ರೆ ನಾನು ಕಾಲಾದ್ರೂ ಇಡ್ತಿದ್ನಾ? ನಾನೂ ಮುಸಲ್ಮಾನನೇ."

ಕಾಗದದಲ್ಲಿ ಯಾಕೆ ಬರೆದಿರಲಿಲ್ಲ ಎಂದು ನಾನೇ ಹೇಳಿದೆ. ಅವನಿಗೂ, ಮುದುಕರಿಗೂ. ಮುದುಕರು ಹಿಂದೆ ಇಂಡಿಯಾದ ವ್ಯಾಪಾರಿಗಳ ಬಳಿ ಕೆಲಸ ಮಾಡಿದ್ದವರು, ಹಿಂದಿ ಬರುತ್ತಿತ್ತು. ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಿಂದೆ ಇಲ್ಲಿಗೆ ಅಳತೆಗೆ ಬಂದಿದ್ದೆವಲ್ಲ ಬಾಬಾ, ನಿಮಗೆ ನನ್ನ ನೆನಪಿದೆಯಾ?" ಎಂದೆ. ಡೈರಿ ಓದಿದ ಮೇಲೂ ಯಾಕೆ ಕೇಳಿದೆನೋ ಗೊತ್ತಿಲ್ಲ.

"ನೀನಲ್ಲ ಬಿಂತಿ," ಎಂದರು. ಬಿಂತಿ ಎಂದರೆ ಮಗಳೇ. "ಬಂದವನು ಗಂಡಸು. ಮಳೆಯಿಲ್ಲದ ಕಡೆ ಛತ್ರಿ ಹಿಡಿದಿದ್ದ."

ಬ್ಲೇಡು ಮುಟ್ಟದ ಕಡೆ ಗೋರಿಗಳು ಇದ್ದವು, ತೋರಿಸಿದ ಮೇಲೆ ಕಂಡವು. ಎರಡು ಕಲ್ಲು, ಎರಡು ಕಲ್ಲು, ಮೂರು ಕಲ್ಲು. ಹದಿನೇಳು ಎಣಿಸಿದೆ. ಪಟ್ಟಿಯ ಅಡಿಯಲ್ಲಿ ಎಷ್ಟಿದ್ದವು ಎಂದು ನೆಲ ಹೇಳುತ್ತಿರಲಿಲ್ಲ. ಬ್ಲೇಡು ಆಳಕ್ಕೆ ಹೋಗಿರಲಿಲ್ಲ, ಮಲಗಿದವರು ಮಲಗಿದಲ್ಲೇ ಇದ್ದರು. ಹೋದದ್ದು ಗುರುತು ಮಾತ್ರ. ಇನ್ನು ಮೇಲೆ ಮಾರ್ಗ ಬಳಸಿ ಹೋಗಬೇಕಾದರೆ ಸ್ಮಶಾನದ ಗಡಿ ಬೇಕು, ಮತ್ತು ಅದರ ಒಂದು ಬದಿ ಈಗ ಇರಲಿಲ್ಲ.

"ಬಾಬಾ, ಈ ಕಡೆ ಎಲ್ಲಿಯವರೆಗೆ ಇತ್ತು?"

ಅವರು ಎದ್ದು ಕೋಲು ಹಿಡಿದು ನಡೆಯತೊಡಗಿದರು. ನಾನು ಜಿಪಿಎಸ್ಸಿನ ಕಂಬ ಹಿಡಿದು ಹಿಂದೆ ನಡೆದೆ. ನುಣ್ಣನೆಯ ಮಣ್ಣಿನ ಮೇಲೆ ಹೋಗಿ ಅವರು ನಿಂತಲ್ಲಿ ನಾನು ಕಂಬ ಊರಿ ಬಿಂದು ಹಿಡಿಯುತ್ತಿದ್ದೆ. ಅವರು ಹೇಳುತ್ತಿದ್ದರು: ಇವರು ನನ್ನ ಚಿಕ್ಕಪ್ಪ. ಇದು ಬಾವಿಯಲ್ಲಿ ಬಿದ್ದ ಹುಡುಗಿ. ಇಲ್ಲಿ ಇಬ್ಬರು. ಮುಖ್ಯಸ್ಥರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು, ಪೆನ್ಸಿಲ್ಲಿನಲ್ಲಿ. ಒಂಬತ್ತು ಬಿಂದು ಆದ ಮೇಲೆ ಮುದುಕರು ಒಂದು ಕಡೆ ತಡೆದರು. ಎರಡು ಹೆಜ್ಜೆ ಹಿಂದೆ ಬಂದರು, ಎಡಕ್ಕೆ ಒಂದು ಹೆಜ್ಜೆ ಇಟ್ಟರು. ದೂರದ ಬಾವಿಯನ್ನು ನೋಡಿದರು, ಬೆಟ್ಟದ ತುದಿಯನ್ನು ನೋಡಿದರು.

"ಇಲ್ಲಿ ಮೂರು. ನನ್ನ ತಾಯಿ."

"ಇಲ್ಲೇನಾ ಬಾಬಾ? ಖಂಡಿತವಾಗಿ?"

ಕೇಳಿದ ಕೂಡಲೇ ನಾಚಿಕೆಯಾಯಿತು. ಅವರು ಪಕ್ಕದ ರಾಶಿಗೆ ಹೋಗಿ ಬಗ್ಗಿ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿದರು, ಇಟ್ಟರು. ಇನ್ನೊಂದು ಎತ್ತಿದರು. ಗ್ರೇಡರಿನವನು ಓಡಿ ಬಂದು ಸಹಾಯಕ್ಕೆ ಕೈ ಚಾಚಿದಾಗ ಬೇಡವೆಂದು ಕೈ ಮಾಡಿದರು. ಅವರು ಮೂರು ಕಲ್ಲು ಆರಿಸಿ ಮುಗಿಸುವವರೆಗೆ ನಾನು ಕಂಬವನ್ನು ಅಲುಗಿಸದೆ ಹಿಡಿದು ನಿಂತಿದ್ದೆ. ಅವು ಅದೇ ಕಲ್ಲುಗಳೋ ಅಲ್ಲವೋ ಅವರಿಗೂ ಗೊತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ಅಷ್ಟೇ.

ಬಾಗು ಉಳಿಯಿತು. ಉಳಿದ ಬಿಂದುಗಳನ್ನು ಬೇರೆಯವರು ನೆಲಕ್ಕೆ ಹೋಗಿ ಮತ್ತೆ ಅಳೆಯುತ್ತಿದ್ದಾರೆ. ನನ್ನನ್ನು ಆ ಯೋಜನೆಯಿಂದ ತೆಗೆದು ಚರಂಡಿ ನಕ್ಷೆಗಳ ಕೆಲಸಕ್ಕೆ ಹಾಕಿದರು. ವೀಸಾ ನವೀಕರಣದ ಕಾಗದ ಇನ್ನೂ ಮುಖ್ಯಸ್ಥರ ಮೇಜಿನ ಮೇಲಿದೆ. ಹೋಗುವ ಮೊದಲು ಮಾರ್ಗಚರಿತ್ರೆಯ ಆ ಒಂದು ಸಾಲನ್ನು ಮುಗಿಸಿಕೊಡಿ ಎಂದರು. ಕಾರಣದ ಅಂಕಣದಲ್ಲಿ ಸ್ಮಶಾನ ಎಂದು ಬರೆದೆ. ಆಧಾರದ ಅಂಕಣದಲ್ಲಿ ಕರ್ಸರ್ ಬಹಳ ಹೊತ್ತು ಮಿನುಗುತ್ತಿತ್ತು. ಫೀಲ್ಡ್ ಬುಕ್ ಎನ್ನುವಂತಿಲ್ಲ, ಉಪಗ್ರಹ ಚಿತ್ರ ಎನ್ನುವಂತಿಲ್ಲ.

'ನೆನಪು' ಎಂದು ಬರೆದೆ. ಯಾರದು ಎಂದು ಕೇಳುತ್ತಾರೆ ಎಂದು ಗೊತ್ತಿತ್ತು. ಪಕ್ಕದಲ್ಲಿ ಮುದುಕರ ಹೆಸರು, ಅವರ ತಂದೆಯ ಹೆಸರು, ಹಳ್ಳಿಯ ಹೆಸರು ಬರೆದು, ಇದನ್ನು ಕೇಳಿ ಬರೆದದ್ದಲ್ಲ, ಅವರ ಹಿಂದೆ ನಡೆದು ಹಿಡಿದದ್ದು ಎಂದು ಸೇರಿಸಿದೆ. ಈ ಸಲ ನಾನು ಅಲ್ಲಿದ್ದೆ.